ವರ್ಡ್‌ಪ್ರೆಸ್‌ನ ಕ್ಯಾಟಗರಿ, ಟ್ಯಾಗ್: ಕನ್ನಡ ತಾಣಕ್ಕೆ ಹಲವು ವರ್ಷ ಬಳಸಿದ ಮೇಲಿನ ವಿಮರ್ಶೆ

ಐದಕ್ಕೆ ಕ್ಯಾಟಗರಿಗೆ ನಾಲ್ಕು, ಟ್ಯಾಗಿಗೆ ಎರಡೂವರೆ. ಎರಡೂ ಜಾಲತಾಣ ನಡೆಸುವ ಒಂದೇ ತಂತ್ರಾಂಶದ ಭಾಗ, ಬರಹಗಳನ್ನು ವಿಂಗಡಿಸಿ ಹೆಸರಿಡುವ ಎರಡು ಬಗೆ, ಎರಡಕ್ಕೂ ಕಾಸು ಕೊಡಬೇಕಿಲ್ಲ, ಆದರೂ ಅಂಕ ಬೇರೆ. ಕ್ಯಾಟಗರಿಗೆ ಬೀಗ ಇದೆ, ಅಂದರೆ ಹೊಸದನ್ನು ಯಾರು ಬೇಕಾದರೂ ಸೇರಿಸುವಂತಿಲ್ಲ, ಟ್ಯಾಗಿಗೆ ಇಲ್ಲ. ಕನ್ನಡದಲ್ಲಿ ಬರೆಯುವವರಿಗೆ ಆ ಬೀಗ ಇಂಗ್ಲಿಷಿನವರಿಗಿಂತ ಹೆಚ್ಚು ಬೇಕು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿ, ಮೇಲೆ ಶಿರಸಿ-ಸಿದ್ದಾಪುರ-ಯಲ್ಲಾಪುರ, ಇಲ್ಲಿಯ ತೋಟ, ಮೀನುಗಾರಿಕೆ, ಯಕ್ಷಗಾನ, ಪೇಟೆ ಧಾರಣೆಗಳ ಬಗ್ಗೆ ನಾಲ್ಕಾರು ಜನ ಸೇರಿ ಬರೆಯುವ ತಾಣಗಳನ್ನು ಕಣ್ಣೆದುರು ಇಟ್ಟುಕೊಂಡೇ ಈ ಮಾತು. ಒಬ್ಬರೇ ಬರೆಯುವವರಿಗೆ ಇದರಲ್ಲಿ ಅರ್ಧ ತಾಪತ್ರಯ ಇರುವುದಿಲ್ಲ.

ಕ್ಯಾಟಗರಿ ವರ್ಡ್‌ಪ್ರೆಸ್‌ನಲ್ಲಿ ಮೊದಲಿಂದಲೂ ಇದ್ದದ್ದು. ಟ್ಯಾಗ್ ಸೇರಿದ್ದು 2007ರ ಸೆಪ್ಟೆಂಬರ್‌ನಲ್ಲಿ, 2.3ನೇ ಆವೃತ್ತಿಯೊಂದಿಗೆ. ಡೇಟಾಬೇಸಿನ ಒಳಗೆ ಎರಡೂ ಒಂದೇ ಕೋಷ್ಟಕದಲ್ಲಿ ಕೂರುತ್ತವೆ. ಹೊರಗೆ ಕಾಣುವ ವ್ಯತ್ಯಾಸ ಎರಡು. ಕ್ಯಾಟಗರಿಗೆ ತಾಯಿ-ಮರಿ ಸಂಬಂಧ ಉಂಟು, ಟ್ಯಾಗ್‌ಗಳೆಲ್ಲ ಒಂದೇ ಸಾಲಿನವು. ಪ್ರತಿ ಬರಹಕ್ಕೂ ಒಂದಾದರೂ ಕ್ಯಾಟಗರಿ ಇರಲೇಬೇಕು, ನೀವು ಹಾಕದಿದ್ದರೆ ಡಿಫಾಲ್ಟ್ ಕ್ಯಾಟಗರಿಗೆ ತಂತ್ರಾಂಶ ತಾನೇ ಸೇರಿಸಿಕೊಳ್ಳುತ್ತದೆ. ಟ್ಯಾಗ್ ಇಲ್ಲದಿದ್ದರೂ ನಡೆಯುತ್ತದೆ. ಸೊಸೈಟಿ ಯಾರ್ಡಿನಲ್ಲಿ ಅಡಿಕೆಯನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಪಾಲು ಮಾಡಿ ಇಡುತ್ತಾರಲ್ಲ, ಕ್ಯಾಟಗರಿ ಇರಬೇಕಾದದ್ದು ಹಾಗೆ: ಹೆಸರು ಮೊದಲೇ ನಿಗದಿ, ಬಂದ ಮಾಲು ಯಾವುದಾದರೂ ಒಂದು ರಾಶಿಗೆ.

ಮೂರನೆಯ ವ್ಯತ್ಯಾಸ ಹೊರಗೆ ಕಾಣದು, ಆದರೆ ದೊಡ್ಡದು ಅದೇ. ಹೊಸ ಕ್ಯಾಟಗರಿ ಮಾಡುವ ಅಧಿಕಾರ ಅಡ್ಮಿನ್ ಮತ್ತು ಎಡಿಟರ್ ದರ್ಜೆಯವರಿಗೆ ಮಾತ್ರ. ಆಥರ್, ಕಾಂಟ್ರಿಬ್ಯೂಟರ್ ದರ್ಜೆಯವರು ಇದ್ದ ಪಟ್ಟಿಯಲ್ಲಿ ಟಿಕ್ ಹಾಕಬಹುದು, ಅಷ್ಟೆ. ಟ್ಯಾಗ್ ಹಾಗಲ್ಲ. ಖಾಲಿ ಚೌಕದಲ್ಲಿ ಏನೋ ಒಂದು ಟೈಪ್ ಮಾಡಿ ಎಂಟರ್ ಒತ್ತಿದರೆ ಹೊಸ ಟ್ಯಾಗ್ ಹುಟ್ಟಿತು. ಒತ್ತಿದವರು ಕಾಂಟ್ರಿಬ್ಯೂಟರ್ ಆಗಿದ್ದರೂ ಸೈ. ಇದನ್ನು ತಡೆಯುವ ಗುಂಡಿ ಸೆಟ್ಟಿಂಗ್ಸ್‌ನಲ್ಲಿ ಎಲ್ಲೂ ಇಲ್ಲ.

ಇದರ ಫಲ ನೋಡಬೇಕಿದ್ದರೆ ಯಾವುದಾದರೂ ಹಳೆಯ ತಾಣದ ಟ್ಯಾಗ್ ಪಟ್ಟಿ ತೆರೆಯಿರಿ. ಶಿರಸಿ, ಸಿರ್ಸಿ, ಶಿರ್ಸಿ. ಅಂಕೋಲಾ, ಅಂಕೋಲ. ಕುಮಟಾ, ಕುಮಟ. ಜೋಯಿಡಾ, ಜೊಯಿಡಾ, ಹಳಬರು ಬರೆದಿದ್ದರೆ ಸೂಪಾ. ಅಡಿಕೆ, ಅಡಕೆ. ಇವುಗಳಲ್ಲಿ ತಪ್ಪು ಅನ್ನುವಂಥದ್ದು ಯಾವುದೂ ಇಲ್ಲ. ಪತ್ರಿಕೆ, ಬಸ್ಸಿನ ಫಲಕ, ಸರ್ಕಾರಿ ಕಾಗದ ಎಲ್ಲದರಲ್ಲೂ ಬಗೆಬಗೆಯಾಗಿ ಬರೆಯುತ್ತಾರೆ. ಆದರೆ ವರ್ಡ್‌ಪ್ರೆಸ್ ಪಾಲಿಗೆ ಇವು ಬೇರೆ ಬೇರೆ ಟ್ಯಾಗ್, ಬೇರೆ ಬೇರೆ ಪುಟ. ಟೈಪ್ ಮಾಡುವಾಗ ಇರುವ ಟ್ಯಾಗ್‌ಗಳನ್ನು ಅದು ಸೂಚಿಸುತ್ತದೆ ನಿಜ, ಆದರೆ ಅಕ್ಷರ ಹೊಂದಿದರೆ ಮಾತ್ರ. ‘ಸಿರ್’ ಎಂದು ಶುರು ಮಾಡಿದವರಿಗೆ ‘ಶಿರಸಿ’ ಕಾಣುವುದೇ ಇಲ್ಲ.

ಒಂದು ಬರಹ ತೆಗೆದುಕೊಳ್ಳಿ: ಅಡಿಕೆಯ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ತಯಾರಿಸುವುದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದಕ್ಕೆ ಬರೆದವರು ಹಾಕುವ ಟ್ಯಾಗ್ ಸಾಮಾನ್ಯವಾಗಿ ಹೀಗಿರುತ್ತದೆ: ಕೊಳೆರೋಗ, ಕೊಳೆ ರೋಗ, ಅಡಿಕೆ ಕೊಳೆ, ಬೋರ್ಡೋ, ಬೋರ್ಡೋ ದ್ರಾವಣ, ಮೈಲುತುತ್ತ, ತೋಟ, ಮಳೆಗಾಲ, ರೈತರು, ಕೃಷಿ. ಹತ್ತರಲ್ಲಿ ಉಳಿಯಬೇಕಾದ್ದು ಎರಡು, ‘ಕೊಳೆರೋಗ’ ಮತ್ತು ‘ಬೋರ್ಡೋ ದ್ರಾವಣ’. ಈ ಅಳತೆ ಓದಿದವರಿಗೆ ಮುಂದೆ ಬೇಕಾಗುವುದು ದ್ರಾವಣ ಹದವಾಗಿದೆಯೇ ಎಂದು ನೋಡುವ ಬಗೆ: ತೊಳೆದ ಕಬ್ಬಿಣದ ಚಾಕು ಅದ್ದಿ ತೆಗೆದಾಗ ಕೆಂಪು ಲೇಪ ಕೂತರೆ ಸುಣ್ಣ ಸಾಲದು. ಅದು ಇನ್ನೊಬ್ಬರು ಬೇರೆ ವರ್ಷ ಬರೆದ ಬರಹದಲ್ಲಿ ಇರುತ್ತದೆ. ಆ ಎರಡನ್ನು ಜೋಡಿಸಿದರೆ ಟ್ಯಾಗ್ ತನ್ನ ಕೆಲಸ ಮಾಡಿತು. ‘ರೈತರು’ ಎಂಬ ಟ್ಯಾಗ್ ಒತ್ತಿ ಏನನ್ನಾದರೂ ಹುಡುಕುವವರು ಯಾರೂ ಇಲ್ಲ. ‘ಕೃಷಿ’ ಹೇಗೂ ಕ್ಯಾಟಗರಿಯಲ್ಲಿ ಇದೆ. ಒಂದೇ ಹೆಸರು ಎರಡೂ ಕಡೆ ಇಟ್ಟುಕೊಳ್ಳಲು ವರ್ಡ್‌ಪ್ರೆಸ್ ಬಿಡುತ್ತದೆ, ಬಿಡಬಾರದಿತ್ತು. ಹೆಚ್ಚುಕಡಿಮೆ ಒಂದೇ ಪಟ್ಟಿಯ ಎರಡು ಪುಟ ತಯಾರಾಗುತ್ತವೆ.

ಇಂಗ್ಲಿಷಿನವರಿಗೆ ಇಲ್ಲದ, ಕನ್ನಡದಂಥ ಲಿಪಿಯವರಿಗೆ ಬರುವ ಇನ್ನೊಂದು ಕಾಟ ಸ್ಲಗ್‌ನದು, ಅಂದರೆ ಪುಟದ ವಿಳಾಸದಲ್ಲಿ ಬರುವ ಹೆಸರಿನದು. ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಪ್ರತಿ ಬೈಟ್ ವಿಳಾಸದಲ್ಲಿ ಶೇಕಡಾ ಚಿಹ್ನೆ ಸೇರಿ 3 ಅಕ್ಷರ, ಒಟ್ಟು 9. ಕಾಗುಣಿತ, ಹಲಂತ, ಒತ್ತು ಎಲ್ಲ ಪ್ರತ್ಯೇಕ ಲೆಕ್ಕ. ‘ಯಕ್ಷಗಾನ’ ನಮ್ಮ ಕಣ್ಣಿಗೆ 4 ಅಕ್ಷರ, ಕಂಪ್ಯೂಟರಿಗೆ 7 ಚಿಹ್ನೆ, ವಿಳಾಸದಲ್ಲಿ 63. ವರ್ಡ್‌ಪ್ರೆಸ್ ಸ್ಲಗ್‌ಗೆ ಕೊಡುವ ಜಾಗ 200. ಅಂದರೆ 22 ಚಿಹ್ನೆಗೆ ಮುಗಿಯಿತು. ‘ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವ ವಿಧಾನ’ ಎಂದು ಶೀರ್ಷಿಕೆ ಕೊಟ್ಟರೆ ಮೊದಲ ಎರಡು ಪದಕ್ಕೇ 172 ಹೋಗುತ್ತದೆ, ಸ್ಲಗ್ ‘ಹಾಕ’ ಎಂಬಲ್ಲಿಗೆ ತುಂಡಾಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವಾಗ ಆಗುವ ತಪ್ಪುಗಳ ಬಗ್ಗೆ ಇನ್ನೊಂದು ಬರೆದರೆ ಅದೂ ಅಲ್ಲೇ ತುಂಡಾಗಿ, ಹಿಂದೆ 2 ಎಂಬ ಬಾಲ ಅಂಟಿಸಿಕೊಂಡು ಬರುತ್ತದೆ. ಅಂಥ ಕೊಂಡಿಯನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ನಾಲ್ಕು ಸಾಲು ಶೇಕಡಾ ಚಿಹ್ನೆ.

ಪರಿಹಾರ ಸುಲಭ, ಆದರೆ ಮೊದಲ ದಿನವೇ ಮಾಡಬೇಕು: ಹೆಸರು ಕನ್ನಡದಲ್ಲಿ, ಸ್ಲಗ್ ಇಂಗ್ಲಿಷ್ ಸಣ್ಣಕ್ಷರದಲ್ಲಿ. ಬರಹದ ಪರದೆಯಲ್ಲೇ ಟ್ಯಾಗ್ ಹುಟ್ಟಿಸಿದರೆ ಸ್ಲಗ್ ಕೇಳುವ ಜಾಗವೇ ಇರುವುದಿಲ್ಲ, ಕನ್ನಡದ್ದೇ ಬೀಳುತ್ತದೆ. ಹಾಗಾಗಿ ಟ್ಯಾಗ್ ಇರಲಿ, ಕ್ಯಾಟಗರಿ ಇರಲಿ, ಅದರದ್ದೇ ಪುಟಕ್ಕೆ ಹೋಗಿ ಅಲ್ಲಿಂದಲೇ ಸೇರಿಸಿ. ಆಮೇಲೆ ತಿದ್ದಿದರಾಯಿತು ಎಂದು ಬಿಡಬೇಡಿ. ಬರಹದ ಹಳೆಯ ಸ್ಲಗ್ಗನ್ನು ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಹೊಸದಕ್ಕೆ ತಿರುಗಿಸುತ್ತದೆ. ಕ್ಯಾಟಗರಿ, ಟ್ಯಾಗ್‌ಗಳ ಹಳೆಯ ಸ್ಲಗ್ ನೆನಪಿಡುವುದಿಲ್ಲ. ಹಳೆಯ ಕೊಂಡಿ ಒತ್ತಿದವರಿಗೆ 404, ಅಂದರೆ ಪುಟ ಸಿಗಲಿಲ್ಲ ಎಂಬ ಉತ್ತರ. ತಿದ್ದಲೇಬೇಕಾದರೆ ‘ರೀಡೈರೆಕ್ಷನ್’ನಂಥ ಪ್ಲಗಿನ್ (ಜತೆಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ) ಹಾಕಿ ಒಂದೊಂದಕ್ಕೂ ದಾರಿ ಕಟ್ಟಿ.

ಹುಡುಕಾಟಕ್ಕೆ ಅನುಕೂಲವಾಗಲಿ ಎಂದು ಹತ್ತೆಂಟು ಟ್ಯಾಗ್ ತುಂಬುವ ಅಭ್ಯಾಸ ಎಲ್ಲ ಕಡೆ ಕಾಣುತ್ತದೆ. ಅದರಿಂದ ಏನೂ ಉಪಯೋಗ ಇಲ್ಲ. ವರ್ಡ್‌ಪ್ರೆಸ್‌ನ ಸ್ವಂತ ಹುಡುಕಾಟ ನೋಡುವುದು ಶೀರ್ಷಿಕೆ, ಸಾರಾಂಶ, ಬರಹದ ಮೈ, ಇಷ್ಟನ್ನೇ. ಟ್ಯಾಗಿನ ಹೆಸರು ಅದರ ಲೆಕ್ಕಕ್ಕೇ ಇಲ್ಲ. ‘ಅಡಿಕೆ’ ಎಂದು ಹುಡುಕಿದರೆ ‘ಅಡಿಕೆಗೆ’, ‘ಅಡಿಕೆಯ’ ಎಲ್ಲ ಸಿಗುತ್ತವೆ, ಯಾಕೆಂದರೆ ಪದದ ತುಣುಕು ಹೊಂದಿದರೆ ಸಾಕು. ‘ಅಡಕೆ’ ಮಾತ್ರ ಸಿಗದು. ಎರಡೂ ರೂಪ ಸಿಗಬೇಕಿದ್ದರೆ ಬರಹದ ಒಳಗೇ ಒಂದು ಕಡೆ ಎರಡನ್ನೂ ಬಳಸುವುದು ಒಳ್ಳೆಯದು.

ಈಗಾಗಲೇ ಟ್ಯಾಗ್ ಕೆಟ್ಟಿದ್ದರೆ ಸರಿಮಾಡುವ ಕ್ರಮ. ‘ಸಿರ್ಸಿ’ಯ ಹೆಸರನ್ನು ‘ಶಿರಸಿ’ ಎಂದು ತಿದ್ದಿದರೆ ಎರಡೂ ಒಂದಾಗುವುದಿಲ್ಲ, ಒಂದೇ ಹೆಸರಿನ ಎರಡು ಟ್ಯಾಗ್ ಉಳಿಯುತ್ತವೆ. ಎರಡನ್ನು ಒಂದು ಮಾಡುವ ಸೌಲಭ್ಯ ಮೂಲ ತಂತ್ರಾಂಶದಲ್ಲಿ ಇಷ್ಟು ವರ್ಷವಾದರೂ ಬಂದಿಲ್ಲ. ಅರ್ಧ ಅಂಕ ನಾನು ಇದಕ್ಕೇ ಕತ್ತರಿಸಿದ್ದು. ಟ್ಯಾಗ್ಸ್ ಪುಟದಲ್ಲಿ ‘ಸಿರ್ಸಿ’ ಎದುರಿನ ಅಂಕಿ ಒತ್ತಿ, ಆ ಬರಹಗಳಷ್ಟೇ ತೆರೆಯುತ್ತವೆ. ಒಂದು ಪುಟಕ್ಕೆ 20 ಕಾಣುತ್ತವೆ. ಮೇಲಿನ ಸ್ಕ್ರೀನ್ ಆಪ್ಷನ್ಸ್‌ನಲ್ಲಿ 50 ಮಾಡಿಕೊಳ್ಳಿ. ಒಂದೇ ಏಟಿಗೆ 500 ಮಾಡುವ ಆಸೆ ಬೇಡ, ಆಯ್ದ ಬರಹಗಳ ಸಂಖ್ಯೆಗಳೆಲ್ಲ ವಿಳಾಸದ ಸಾಲಿನಲ್ಲೇ ಹೋಗುವುದರಿಂದ ವಿಳಾಸ ಉದ್ದವಾಗಿ ಸರ್ವರ್ 414 ಎಂದು ಮುಖ ತಿರುಗಿಸಬಹುದು. ಎಲ್ಲಕ್ಕೂ ಟಿಕ್ ಹಾಕಿ, ಬಲ್ಕ್ ಆಕ್ಷನ್ಸ್‌ನಲ್ಲಿ ಎಡಿಟ್ ಆಯ್ದು, ಟ್ಯಾಗ್ ಚೌಕದಲ್ಲಿ ‘ಶಿರಸಿ’ ಬರೆದು ಅಪ್‌ಡೇಟ್ ಕೊಡಿ. ಇಲ್ಲಿ ಟ್ಯಾಗ್ ಸೇರಿಸಲಷ್ಟೇ ಬರುತ್ತದೆ, ತೆಗೆಯಲು ಬರುವುದಿಲ್ಲ. ಅಂಕಿ ತಾಳೆಯಾಯಿತೆಂದು ಖಾತ್ರಿಯಾದ ಮೇಲೆ ‘ಸಿರ್ಸಿ’ ಅಳಿಸಿ. ಮೊದಲೇ ಅಳಿಸಿದರೆ ಯಾವ ಬರಹಕ್ಕೆ ಅದಿತ್ತು ಎಂಬ ಗುರುತೇ ಹೋಯಿತು. ಬರಹಕ್ಕೆ ಇರುವಂತೆ ಟ್ಯಾಗಿಗೆ ಕಸದ ಬುಟ್ಟಿ ಇಲ್ಲ. ‘ಟರ್ಮ್ ಮ್ಯಾನೇಜ್‌ಮೆಂಟ್ ಟೂಲ್ಸ್’ ಎಂಬ ಪ್ಲಗಿನ್ ಇದನ್ನೆಲ್ಲ ಒಂದೇ ಹೆಜ್ಜೆಯಲ್ಲಿ ಮಾಡುತ್ತದೆ. ಅದನ್ನು ಬಳಸುವುದಿದ್ದರೂ ಮೊದಲು ಡೇಟಾಬೇಸ್ ಬ್ಯಾಕಪ್ ತೆಗೆದಿಡಿ.

ಇನ್ನು ಊರು-ತಾಲೂಕಿನ ಪ್ರಶ್ನೆ. ಉತ್ತರ ಕನ್ನಡದ್ದು ದಾಂಡೇಲಿ ಸೇರಿ 12 ತಾಲೂಕು, ಮುಚ್ಚಿದ ಪಟ್ಟಿ, ನಾಳೆ ಬದಲಾಗುವಂಥದ್ದಲ್ಲ. ಆ ಲೆಕ್ಕದಲ್ಲಿ ಕ್ಯಾಟಗರಿಗೆ ಹೇಳಿಮಾಡಿಸಿದ್ದು. ಆದರೆ ‘ಕೃಷಿ’, ‘ಮೀನುಗಾರಿಕೆ’ಗಳ ಜತೆ ‘ಕುಮಟಾ’, ‘ಹೊನ್ನಾವರ’ ಒಂದೇ ಪಟ್ಟಿಯಲ್ಲಿ ಕೂತರೆ ಬರೆಯುವವರು ಎರಡರಲ್ಲಿ ಒಂದಕ್ಕೆ ಟಿಕ್ ಹಾಕಿ ಇನ್ನೊಂದನ್ನು ಮರೆಯುತ್ತಾರೆ. ವಿಳಾಸದಲ್ಲಿ ಕ್ಯಾಟಗರಿ ಬರುವ ಹಾಗೆ ಪರ್ಮಾಲಿಂಕ್ (ಬರಹಗಳ ವಿಳಾಸದ ಮಾದರಿ) ಇಟ್ಟಿದ್ದರೆ ಇನ್ನೂ ಗೋಜಲು. ಎರಡು ಕ್ಯಾಟಗರಿ ಇದ್ದಾಗ ವರ್ಡ್‌ಪ್ರೆಸ್ ವಿಳಾಸಕ್ಕೆ ಆಯ್ದುಕೊಳ್ಳುವುದು ಮುಖ್ಯವಾದದ್ದನ್ನಲ್ಲ, ಕಡಿಮೆ ಕ್ರಮಸಂಖ್ಯೆ ಇರುವುದನ್ನು, ಅಂದರೆ ಮೊದಲು ಹುಟ್ಟಿದ್ದನ್ನು. ಒಂದು ಬರಹ ಕೃಷಿ ಎಂಬ ವಿಳಾಸದಲ್ಲಿ, ಅದೇ ಬಗೆಯ ಇನ್ನೊಂದು ಭಟ್ಕಳ ಎಂಬ ವಿಳಾಸದಲ್ಲಿ. ವಿಳಾಸದಲ್ಲಿ ಕ್ಯಾಟಗರಿ ಬೇಡವೇ ಬೇಡ, ಬರಹದ ಹೆಸರು ಸಾಕು.

ತಾಲೂಕಿಗೆ ಮೂರನೆಯದೇ ಒಂದು ವರ್ಗೀಕರಣ ಮಾಡುವುದು ಸರಿಯಾದ ದಾರಿ. ವಿಷಯವನ್ನೂ ಸ್ಥಳವನ್ನೂ ಬೇರೆ ಮುಖಗಳಾಗಿ ನೋಡಬೇಕೆಂದು ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲೇ ಪುಸ್ತಕ ವಿಂಗಡಿಸುವ ತಮ್ಮ ಕೋಲನ್ ವರ್ಗೀಕರಣದಲ್ಲಿ ತೋರಿಸಿಕೊಟ್ಟಿದ್ದರು. ಗ್ರಂಥಾಲಯದವರಿಗೆ ಗೊತ್ತಿರುವ ಸಂಗತಿ, ವೆಬ್‌ಸೈಟ್ ಮಾಡುವವರು ಪ್ರತಿ ಸಲ ಹೊಸದಾಗಿ ಕಲಿಯುತ್ತಾರೆ. ‘ಕಸ್ಟಮ್ ಪೋಸ್ಟ್ ಟೈಪ್ ಯುಐ’ ಪ್ಲಗಿನ್‌ನಲ್ಲಿ ‘ತಾಲೂಕು’ ಎಂಬ ಟ್ಯಾಕ್ಸಾನಮಿ (ವರ್ಗೀಕರಣ) ಸೇರಿಸಿ, ಹೈರಾರ್ಕಿಕಲ್, ಅಂದರೆ ತಾಯಿ-ಮರಿ ಸಂಬಂಧ, ಎಂಬುದಕ್ಕೆ ಟ್ರೂ ಕೊಡಿ. ಆಗ ಅದಕ್ಕೂ ಕ್ಯಾಟಗರಿಯ ಬೀಗ ಬೀಳುತ್ತದೆ, ‘ಶಿರಸಿ’ ಒಂದೇ ಇರುತ್ತದೆ. ರೆಸ್ಟ್ ಎಪಿಐನಲ್ಲಿ ತೋರಿಸು ಎಂಬುದೂ ಟ್ರೂ ಇರಬೇಕು, ಇಲ್ಲದಿದ್ದರೆ ಬ್ಲಾಕ್ ಎಡಿಟರಿನ, ಅಂದರೆ ಬರಹದ ಪರದೆಯ, ಬದಿಯಲ್ಲಿ ಅದರ ಪಟ್ಟಿ ಕಾಣಿಸುವುದೇ ಇಲ್ಲ, ಎಲ್ಲಿ ಹೋಯಿತು ಎಂದು ಹುಡುಕುವುದಾಗುತ್ತದೆ. ತಾಲೂಕಿನ ಪುಟ 404 ತೋರಿಸಿದರೆ ಗಾಬರಿ ಬೇಡ: ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್ ಪುಟ ತೆರೆದು ಏನೂ ಬದಲಿಸದೆ ಒಮ್ಮೆ ಸೇವ್ ಒತ್ತಿ. ಕುಮಟಾದ ಕೆಳಗೆ ಗೋಕರ್ಣವನ್ನು ಮರಿಯಾಗಿ ಇಟ್ಟರೆ ಗೋಕರ್ಣದ ಬರಹಗಳು ಕುಮಟಾ ಪುಟದಲ್ಲೂ ತಾವಾಗಿ ಬರುತ್ತವೆ.

ಹಾಗಾದರೆ ಟ್ಯಾಗಿಗೆ ಉಳಿದದ್ದೇನು? ತಾಲೂಕಿನ ಗಡಿ ಕೇಳದೆ ಹರಿಯುವಂಥವು. ಜೋಯಿಡಾದ ಕಾಡಿನಲ್ಲಿ ಹುಟ್ಟಿ ಕಾರವಾರದಲ್ಲಿ ಸಮುದ್ರ ಸೇರುವ ಕಾಳಿ, ಕರಾವಳಿಯ ಐದೂ ತಾಲೂಕು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 66, ಕೊಳೆರೋಗ, ಅಪ್ಪೆಮಿಡಿ, ಕಗ್ಗ ಭತ್ತ, ಕರಿ ಇಷಾಡ ಮಾವು. ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧಕ್ಕೆ ವರ್ಷವರ್ಷವೂ ಒಂದೇ ಟ್ಯಾಗ್ ಸಾಕು. ಹೆಸರಿನ ಹಿಂದೆ ಇಸವಿ ಅಂಟಿಸಬೇಡಿ, ದಿನಾಂಕದ ಪುಟಗಳನ್ನು ವರ್ಡ್‌ಪ್ರೆಸ್ ತಾನೇ ಮಾಡಿಕೊಡುತ್ತದೆ. ಒಂದು ವಿಷಯಕ್ಕೆ ಮೂರು ಬರಹ ಆಗುವ ತನಕ ಟ್ಯಾಗ್ ಹುಟ್ಟಿಸದಿರುವುದು ಕ್ಷೇಮ. 2020ರ ಆಗಸ್ಟ್‌ನಲ್ಲಿ ಬಂದ 5.5ರಿಂದ ಈಚೆಗೆ ವರ್ಡ್‌ಪ್ರೆಸ್ ಹುಡುಕುತಾಣಗಳಿಗೆಂದು ತಾನೇ ತಯಾರಿಸುವ ಪುಟಗಳ ಪಟ್ಟಿಯಲ್ಲಿ, ಅಂದರೆ ಸೈಟ್‌ಮ್ಯಾಪ್‌ನಲ್ಲಿ ಪ್ರಕಟಿತ ಬರಹ ಇರುವ ಪ್ರತಿ ಟ್ಯಾಗಿನ ಪುಟವೂ ಸೇರುತ್ತದೆ. ಒಂದೇ ಬರಹದ ನೂರಾರು ಟ್ಯಾಗ್ ಇದ್ದರೆ ಗೂಗಲ್‌ಗೆ ನಾವು ಕೊಡುವುದು ಬರೀ ಹೊಟ್ಟು.

ಬದಲಿ ತಂತ್ರಾಂಶ ಬೇಕೆನ್ನುವವರಿಗೆ: ಘೋಸ್ಟ್‌ನಲ್ಲಿ ಕ್ಯಾಟಗರಿ ಇಲ್ಲವೇ ಇಲ್ಲ, ಟ್ಯಾಗ್ ಮಾತ್ರ, ಮೊದಲು ಹಾಕಿದ್ದೇ ಮುಖ್ಯ ಟ್ಯಾಗ್. ಒಬ್ಬಿಬ್ಬರು ಬರೆಯುವಲ್ಲಿ ಅದು ಚೊಕ್ಕ. ಬ್ಲಾಗರ್‌ನಲ್ಲಿ ಲೇಬಲ್ ಮಾತ್ರ. ಅಲ್ಲಿಂದ ವರ್ಡ್‌ಪ್ರೆಸ್‌ಗೆ ಬರುವವರು ಒಂದು ಗಮನದಲ್ಲಿಡಿ: ಬ್ಲಾಗರ್ ಇಂಪೋರ್ಟರ್ ಲೇಬಲ್‌ಗಳನ್ನು ಕ್ಯಾಟಗರಿಯಾಗಿ ತಂದು ಸುರಿಯುತ್ತದೆ. ಟೂಲ್ಸ್‌ನ ಇಂಪೋರ್ಟ್ ಪುಟದಲ್ಲಿ ಕ್ಯಾಟಗರಿ-ಟ್ಯಾಗ್ ಕನ್ವರ್ಟರ್ ಸಿಗುತ್ತದೆ, ಬೇಕಾದ ಎಂಟು ಹತ್ತನ್ನು ಬಿಟ್ಟು ಉಳಿದದ್ದನ್ನು ಟ್ಯಾಗ್ ಮಾಡಿ. ಮರಿ ಇರುವ ಕ್ಯಾಟಗರಿಯನ್ನು ಪರಿವರ್ತಿಸಿದರೆ ಮರಿಗಳು ತಾಯಿಯಿಲ್ಲದೆ ಮೇಲಿನ ಸಾಲಿಗೆ ಬಂದು ನಿಲ್ಲುತ್ತವೆ, ಅದನ್ನು ಕೈಯಾರೆ ಸರಿಮಾಡಬೇಕು. ಇದೆಲ್ಲ ತಾಣವನ್ನು ಜನರಿಗೆ ತೆರೆಯುವ ಮೊದಲೇ ಆಗಲಿ.