ಕುಸ್ಕೊದ ಕೈಬಣ್ಣದ ನೂಲು: ಟೋಪಿಗೆ ಸೈ, ಸ್ವೆಟರ್‌ಗೆ ಬೇಡ

ಮಾಚು ಪಿಚು ನೋಡಲು ಪೆರುವಿಗೆ ಹೊರಟವರಲ್ಲಿ ನಿಟ್ಟಿಂಗ್ ಹುಚ್ಚಿರುವವರು ಕುಸ್ಕೊದಲ್ಲಿ ಅರ್ಧ ದಿನ ಬಿಡುವು ಮಾಡಿಕೊಳ್ಳಲೇಬೇಕು. ಅವೆನಿದಾ ಎಲ್ ಸೋಲ್ ರಸ್ತೆಯಲ್ಲಿ, ಇಂಕಾಗಳ ಸೂರ್ಯ ದೇಗುಲ ಕೊರಿಕಾಂಚಾದ ಹತ್ತಿರವೇ, ಸೆಂಟ್ರೊ ದೆ ತೆಕ್ಸ್ತೀಲೆಸ್ ತ್ರಾದಿಸ್ಯೊನಾಲೆಸ್ (ಸಾಂಪ್ರದಾಯಿಕ ಜವಳಿ ಕೇಂದ್ರ) ಅಂಗಡಿಯಿದೆ. ಚಿಂಚೆರೊ ಊರಿನ ನೇಕಾರ್ತಿ ನಿಲ್ದಾ ಕಾಯಾನ್ಯೌಪಾ ಮತ್ತು ಸಂಗಡಿಗರು 1996ರಲ್ಲಿ ಕಟ್ಟಿದ ಸಂಸ್ಥೆ ಇದು. ಸುತ್ತಲಿನ ಬೆಟ್ಟದೂರುಗಳ ನೇಯ್ಗೆ, ಹೆಣಿಗೆ ಇಲ್ಲಿಗೆ ಬರುತ್ತದೆ. ಚೌಕಾಸಿ ನಡೆಯುವುದಿಲ್ಲ, ಮಾಡುವುದೂ ಬೇಡ.

ಮೊದಲು ನೋಡಬೇಕಾದದ್ದು ಕಿವಿ ಮುಚ್ಚುವ ಚುಲ್ಲೊ ಟೋಪಿಗಳನ್ನು. ಒಂದನ್ನು ಒಳಮಗ್ಗಲು ತಿರುಗಿಸಿ ನೋಡಿ. ಬಣ್ಣ ಬದಲಿಸುವಾಗ ಹಿಂದೆ ಹಾಯುವ ಎಳೆಗಳು ಎಲ್ಲೂ ಜೋಲುವುದಿಲ್ಲ. ಇಲ್ಲಿಯವರು ನೂಲನ್ನು ಕುತ್ತಿಗೆಯ ಸುತ್ತ ಹಾಯಿಸಿ, ಟೋಪಿಯ ಒಳಮಗ್ಗಲನ್ನೇ ತಮ್ಮತ್ತ ಇಟ್ಟುಕೊಂಡು, ಸುತ್ತಲೂ ಪರ್ಲ್ (ಉಲ್ಟಾ ಹೆಣಿಗೆ) ಹಾಕುತ್ತಾ ಹೋಗುತ್ತಾರೆ. ಎಳೆ ಕಣ್ಣೆದುರೇ ಇರುವುದರಿಂದ ಬಿಗಿ ತಪ್ಪಿದರೆ ಆಗಲೇ ಗೊತ್ತಾಗುತ್ತದೆ. ಎರಡು ಬಣ್ಣದ ಹೆಣಿಗೆ ಸೊಟ್ಟಗಾಗುತ್ತದೆ ಎಂದು ಗೊಣಗುವವರು ಕಲಿಯಬೇಕಾದ ಪಟ್ಟು ಇದು.

ಇನ್ನು ನೂಲು. ಕದಿರಿನಲ್ಲಿ ನೂತ ಎರಡೆಳೆಯದು, ಮಗ್ಗಕ್ಕೆಂದು ಗಟ್ಟಿ ಹುರಿ ಕೊಟ್ಟದ್ದು. ಒಂದು ಮೊಳದಷ್ಟು ಎಳೆದು ಹಿಡಿದು, ಎರಡೂ ತುದಿಗಳನ್ನು ಹತ್ತಿರ ತನ್ನಿ. ನಡುವೆ ಸುರುಳಿ ಸುತ್ತಿಕೊಂಡರೆ ಹುರಿ ಹೆಚ್ಚಾಗಿದೆ ಎಂದರ್ಥ. ಅಂಥದ್ದರಲ್ಲಿ ಚಪ್ಪಟೆಯಾಗಿ ಸಾದಾ ಹೆಣಿಗೆ ಹಾಕಿದರೆ ಬಟ್ಟೆ ಓರೆಗೆ ಜಗ್ಗುತ್ತದೆ. ಲಡಿಯನ್ನು ನೆನೆಸಿ, ಕೆಳಗೆ ಹಗುರ ಭಾರ ಕಟ್ಟಿ ಒಣಗಿಸಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಟೋಪಿ, ಕೈಚೀಲ, ಸೊಂಟಪಟ್ಟಿಗೆ ಇದೇ ಗಟ್ಟಿತನ ಒಳ್ಳೆಯದು. ಮೈಗೆ ತಾಗುವ ಸ್ವೆಟರ್‌ಗೆ ಚುಚ್ಚುತ್ತದೆ.

ಬಣ್ಣದಲ್ಲಿ ಮಾತ್ರ ಎರಡು ಮಾತಿಲ್ಲ. ಕೆಂಪು ಬರುವುದು ಪಾಪಸುಕಳ್ಳಿಯ ಮೇಲಿನ ಕೊಚಿನೀಲ್ ಹುಳುವಿನಿಂದ, ಹಸಿರು ಚಿಲ್ಕಾ ಸೊಪ್ಪಿನಿಂದ, ನೀಲಿ ಇಂಡಿಗೊದಿಂದ. ಚಿಂಚೆರೊದ ಪ್ರಾತ್ಯಕ್ಷಿಕೆಗಳಲ್ಲಿ ಹುಳುವನ್ನು ಅಂಗೈಯಲ್ಲಿ ಹಿಸುಕಿ ನಿಂಬೆರಸ ಬಿಡುತ್ತಾರೆ, ಕಡುಗೆಂಪು ಕಿತ್ತಳೆಯತ್ತ ತಿರುಗುತ್ತದೆ. ಪ್ರವಾಸಿಗರು ಚಪ್ಪಾಳೆ ತಟ್ಟುತ್ತಾರೆ. ಮನೆಯಲ್ಲಿ ಕೈಕೊಡುವುದೂ ಇದೇ ಗುಣ. ಕ್ಷಾರ ತಗುಲಿದರೆ ಅದೇ ಬಣ್ಣ ನೇರಳೆಯತ್ತ ಜಾರುತ್ತದೆ. ಹಾಗಾಗಿ ಡಿಟರ್ಜೆಂಟ್ ಪುಡಿ, ವಾಷಿಂಗ್ ಸೋಡಾ ಬೇಡವೇ ಬೇಡ. ಬಕೆಟ್ ತಣ್ಣೀರಿಗೆ ಒಂದು ಚಮಚ ಸೌಮ್ಯ ಶಾಂಪೂ ಸಾಕು. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣದ ಅಂಶ ಇದ್ದರೆ ಬಣ್ಣ ಮಂಕಾಗುತ್ತದೆ, ಅಲ್ಲಿ ಫಿಲ್ಟರ್ ನೀರೇ ಗತಿ. (ಚಿಂಚೆರೊದವರು ಉಣ್ಣೆ ತೊಳೆಯಲು ನೊರೆ ಬರುವ ಒಂದು ಬೇರನ್ನು ತುರಿದು ಬಳಸುತ್ತಾರೆ, ನಮ್ಮ ಅಂಟುವಾಳದ ಹಾಗೆ.) ಇಂಡಿಗೊ ಲಡಿಯನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ನೀಲಿ ಹತ್ತಿದರೆ, ಬಿಳಿಯ ಜೊತೆ ಹೆಣೆಯುವ ಮೊದಲೇ ನೀರು ತಿಳಿಯಾಗುವವರೆಗೆ ಜಾಲಿಸಿ.

ಒಂದು ಹಂಡೆಯ ಬಣ್ಣ ಇನ್ನೊಂದರಲ್ಲಿ ಬರುವುದಿಲ್ಲ. ದೊಡ್ಡವರ ಟೋಪಿಗೆ ಸುಮಾರು 100 ಗ್ರಾಂ ಬೇಕು, ಒಂದೇ ಸಲಕ್ಕೆ ಕೊಳ್ಳಿ. ಒಂದೇ ಬಣ್ಣದ ಎರಡು ಲಡಿ ಆದರೆ ಒಂದು ಸುತ್ತು ಇದರದ್ದು, ಒಂದು ಸುತ್ತು ಅದರದ್ದು ಹಾಕಿದರೆ ವ್ಯತ್ಯಾಸ ಗೆರೆಯಾಗಿ ಕಾಣುವುದಿಲ್ಲ.

ಬೀದಿಬದಿಯಲ್ಲಿ ಅಗ್ಗಕ್ಕೆ ಮಾರುವ ‘ಬೇಬಿ ಅಲ್ಪಾಕಾ’ ಬಹಳ ಸಲ ಅಕ್ರಿಲಿಕ್ಕೇ. ಅಲ್ಪಾಕಾ ಎಂದರೆ ಒಂಟೆಯ ಬಳಗದ, ಉಣ್ಣೆ ಕೊಡುವ ಪ್ರಾಣಿ. ಬೇಬಿ ಎಂದರೆ ನಾರಿನ ನಯಕ್ಕೆ ಕೊಟ್ಟ ಹೆಸರು, ಮರಿಯದ್ದೇ ಆಗಬೇಕೆಂದಿಲ್ಲ. ಒಂದೆಳೆ ಸುಟ್ಟು ನೋಡಿದರೆ ತಿಳಿಯುತ್ತದೆ: ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗಿ ಪುಡಿಯಾಗುತ್ತದೆ, ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಸ್ವೆಟರೇ ಬೇಕೆಂದರೆ ಅರೆಕಿಪಾದ ಗಿರಣಿಗಳ ಅಲ್ಪಾಕಾ ನೂಲು ಮೆತ್ತಗಿರುತ್ತದೆ. ಆದರೆ ಅದಕ್ಕೆ ಕುರಿ ಉಣ್ಣೆಯ ಸ್ಪ್ರಿಂಗ್ ಇಲ್ಲ, ರಿಬ್ (ಅಂಚಿನ ಹಿಗ್ಗುವ ಪಟ್ಟಿ) ಸಡಿಲಾಗುತ್ತದೆ. ಅಂಚಿಗೆ ಎರಡು ಸೈಜ್ ಸಣ್ಣ ಕಡ್ಡಿ ಬಳಸಿ.