ಒಂದೇ ಜೋಡಿ ರ್‍ಯಾಮ್, ಐದು ಹಳೆ ಪ್ರೊಸೆಸರ್: ಮೆಮೊರಿ ಕಂಟ್ರೋಲರ್ ಹೋಲಿಕೆ

ಹಾಸನದಲ್ಲಿ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಹುಡುಕುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಎಷ್ಟು ಗಿಗಾಹರ್ಟ್ಸ್? ರ್‍ಯಾಮ್ ಎಷ್ಟು ಜಿಬಿ? ಆ ರ್‍ಯಾಮ್‌ನಿಂದ ಪ್ರೊಸೆಸರ್‌ಗೆ ಡೇಟಾ ತಂದುಕೊಡುವ ಮೆಮೊರಿ ಕಂಟ್ರೋಲರ್ ಎಲ್ಲಿ ಕೂತಿದೆ ಅಂತ ಕೇಳುವವರು ಸಿಗುವುದೇ ಇಲ್ಲ. ಹಳೆ ಮೆಷಿನ್ ಕೊಳ್ಳುವಾಗ ನಾನು ಅದನ್ನೇ ಮೊದಲು ನೋಡುತ್ತೇನೆ. ಯಾಕೆ ಅಂತ ತೋರಿಸಲು ಒಂದೇ ಜೋಡಿ ರ್‍ಯಾಮ್ ಸ್ಟಿಕ್‌ಗಳನ್ನು ಐದು ಪ್ರೊಸೆಸರ್‌ಗಳ ಜೊತೆ ಹಾಕಿ ನೋಡಿದೆ. ಎರಡು ಜಿಬಿಯ ಎರಡು ಸ್ಟಿಕ್, ಡಿಡಿಆರ್3-1333 (ಕೊನೆಯ ಸಂಖ್ಯೆ ವೇಗದ್ದು). ಎಸ್‌ಎಸ್‌ಡಿ ಕೂಡ ಎಲ್ಲದಕ್ಕೂ ಒಂದೇ. ಇಲ್ಲದಿದ್ದರೆ ಡಿಸ್ಕ್‌ನ ವ್ಯತ್ಯಾಸವೇ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅಳೆದದ್ದು ಮೆಮೊರಿಯ ವೇಗ ತೋರಿಸುವ ಎಐಡಿಎ64 ಸಾಫ್ಟ್‌ವೇರ್‌ನಲ್ಲಿ, ಜೊತೆಗೆ 7-ಜಿಪ್‌ನಲ್ಲೇ ಇರುವ ಬೆಂಚ್‌ಮಾರ್ಕ್‌ನಲ್ಲಿ. 7-ಜಿಪ್ ಫೈಲ್ ಕುಗ್ಗಿಸುವಾಗ ಮೆಮೊರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಸತತವಾಗಿ ತಡಕಾಡುತ್ತದೆ. ಹಾಗಾಗಿ ರ್‍ಯಾಮ್ ಉತ್ತರ ಕೊಡಲು ತಡ ಮಾಡಿದರೆ ಅದರಲ್ಲಿ ತಕ್ಷಣ ಗೊತ್ತಾಗುತ್ತದೆ.

ಮೊದಲು ಕೋರ್ 2 ಡ್ಯುಯೊ ಇ8400. ಬೋರ್ಡ್ ಜಿ41. ಅಂಗಡಿಗಳಲ್ಲಿ ಇವತ್ತಿಗೂ ಇದನ್ನು ‘ಡಿಡಿಆರ್3 ಮೆಷಿನ್’ ಅಂತಲೇ ಹೊಗಳಿ ಮಾರುತ್ತಾರೆ. ಮಾತು ಸುಳ್ಳಲ್ಲ, ಆದರೆ ಅರ್ಧ ಮಾತ್ರ. ಇದರಲ್ಲಿ ಮೆಮೊರಿ ಕಂಟ್ರೋಲರ್ ಪ್ರೊಸೆಸರ್ ಒಳಗಿಲ್ಲ, ಬೋರ್ಡ್ ಮೇಲಿನ ನಾರ್ತ್‌ಬ್ರಿಡ್ಜ್ ಚಿಪ್‌ನಲ್ಲಿದೆ. ಜಿ41 ನಮ್ಮ ಸ್ಟಿಕ್‌ಗಳನ್ನು 1066ಕ್ಕೆ ಇಳಿಸಿ ಓಡಿಸುತ್ತದೆ. ಆಗಲೂ ಎರಡು ಚಾನೆಲ್ (ಡೇಟಾ ಬರುವ ದಾರಿ, ಇಲ್ಲಿ ಸ್ಟಿಕ್‌ಗೊಂದು) ಸೇರಿ ಲೆಕ್ಕದಲ್ಲಿ ಸೆಕೆಂಡಿಗೆ 17 ಜಿಬಿ ಕೊಡಬಲ್ಲವು. ಆದರೆ ನಾರ್ತ್‌ಬ್ರಿಡ್ಜ್‌ನಿಂದ ಪ್ರೊಸೆಸರ್‌ಗೆ ಬರುವ ಫ್ರಂಟ್ ಸೈಡ್ ಬಸ್ ಹೊರುವುದು 10.6 ಜಿಬಿ ಮಾತ್ರ. ಹಾಸನದ ಕಡೆ ಹೈವೇ ಎಷ್ಟೇ ಅಗಲ ಮಾಡಿದರೂ ಶಿರಾಡಿ ಘಾಟಿಗೆ ಬಂದಮೇಲೆ ಲಾರಿಗಳು ಸಾಲಾಗಿ ತೆವಳಲೇಬೇಕು, ಹಾಗೆಯೇ ಇದು. ನನಗೆ ಸಿಕ್ಕಿದ್ದು ಏಳೂವರೆ ಜಿಬಿಯ ಆಸುಪಾಸು. ವಿಳಂಬ, ಅಂದರೆ ಕೇಳಿದ ಡೇಟಾ ಬರಲು ಹಿಡಿದ ಸಮಯ, ಸುಮಾರು 80 ನ್ಯಾನೋಸೆಕೆಂಡ್. ಇ8400ರ 6 ಎಂಬಿ ಎಲ್2 ಕ್ಯಾಶ್ (ಪ್ರೊಸೆಸರ್ ಒಳಗೇ ಇರುವ ವೇಗದ ಮೆಮೊರಿ) ದೊಡ್ಡದು, ಅದೇ ಇದರ ಮಾನ ಕಾಪಾಡಿರುವುದು. ಕೆಲಸ ಆ ಕ್ಯಾಶ್ ಒಳಗೆ ಹಿಡಿಸುವವರೆಗೆ ಮೆಷಿನ್ ಚೆನ್ನಾಗಿಯೇ ಓಡುತ್ತದೆ.

ಎಎಮ್‌ಡಿಯವರು ಕಂಟ್ರೋಲರ್ ಅನ್ನು ಪ್ರೊಸೆಸರ್ ಒಳಗೆ ತಂದದ್ದು 2003ರಲ್ಲಿ, ಅಥ್ಲಾನ್ 64ರ ಕಾಲಕ್ಕೇ. ಇಂಟೆಲ್ ಡೆಸ್ಕ್‌ಟಾಪ್‌ನಲ್ಲಿ ಆ ಕೆಲಸ ಮಾಡಿದ್ದು 2008ರ ಕೊನೆಗೆ. ಈ ಐದು ವರ್ಷದ ಮುನ್ನಡೆಗೆ ಸಿಗಬೇಕಾದ ಗೌರವ ನಮ್ಮ ಕಡೆ ಸಿಗಲೇ ಇಲ್ಲ ಅನ್ನುವುದು ನನ್ನ ಅನಿಸಿಕೆ. 2009ರ ಫೆನಮ್ II ಎಕ್ಸ್4 955 ಪರೀಕ್ಷಿಸಿದೆ. ವಿಳಂಬ 55 ನ್ಯಾನೋಸೆಕೆಂಡ್ ಹತ್ತಿರ, ಕೋರ್ 2ಕ್ಕಿಂತ ಎಷ್ಟೋ ಕಡಿಮೆ. ಆದರೆ ಓದುವ ವೇಗ ಒಂಬತ್ತು ಜಿಬಿ ದಾಟಲು ಒದ್ದಾಡಿತು. ಕಾರಣ ಇದೆ. ಇದರ ಕಂಟ್ರೋಲರ್ ಮತ್ತು ಎಲ್3 ಕ್ಯಾಶ್ ಎರಡೂ ಪ್ರೊಸೆಸರ್ ವೇಗದಲ್ಲಿ ಓಡುವುದಿಲ್ಲ. ಅವಕ್ಕೆ ಬೇರೆಯೇ ಒಂದು ಕ್ಲಾಕ್, 2000 ಮೆಗಾಹರ್ಟ್ಸ್. ಬಯೋಸ್‌ನಲ್ಲಿ ‘ಎನ್‌ಬಿ ಫ್ರೀಕ್ವೆನ್ಸಿ’ ಅಂತ ಇರುತ್ತದೆ. 955 ಬ್ಲ್ಯಾಕ್ ಎಡಿಷನ್, ಅಂದರೆ ವೇಗ ಬದಲಿಸಲು ಬೀಗ ಹಾಕದ ಮಾದರಿ ಆದ್ದರಿಂದ ಅದನ್ನು 2400ಕ್ಕೆ ಏರಿಸಿದೆ. ಪ್ರೊಸೆಸರ್ ವೇಗ ಮುಟ್ಟಲೇ ಇಲ್ಲ. ಆದರೂ ವಿಳಂಬ ಇಳಿಯಿತು, 7-ಜಿಪ್ ಅಂಕ ಏರಿತು. ಫೆನಮ್ ಇಟ್ಟುಕೊಂಡವರು ಗಿಗಾಹರ್ಟ್ಸ್ ಹಿಂದೆ ಬೀಳುವ ಮೊದಲು ಇದನ್ನೊಮ್ಮೆ ಮಾಡಿ ನೋಡಬೇಕು.

ಈಗ ನನಗೆ ಬೇಜಾರು ಮಾಡಿದ ಪ್ರೊಸೆಸರ್. ಐ5-650, 2010ರ ಜನವರಿಯಲ್ಲಿ ಬಂದದ್ದು. ಅಂಗಡಿಯಲ್ಲಿ ಒಬ್ಬ ಹುಡುಗ ಕೇಳಿದ, ‘ಅಣ್ಣಾ, ಇದು ಐ5, ಅದು ಬರೀ ಕೋರ್ 2. ಇದೇ ತಗೋಳೋದಲ್ವಾ?’ ಅವನ ಪ್ರಶ್ನೆ ಸರಿಯಾಗಿಯೇ ಇದೆ, ಹೆಸರು ನೋಡಿದರೆ ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಇದರ ಮುಚ್ಚಳದ ಕೆಳಗೆ ಒಂದಲ್ಲ, ಎರಡು ಚಿಪ್ ಇವೆ. ಕೋರ್‌ಗಳು 32 ನ್ಯಾನೋಮೀಟರ್ ಚಿಪ್‌ನಲ್ಲಿ. ಮೆಮೊರಿ ಕಂಟ್ರೋಲರ್ ಮತ್ತು ಗ್ರಾಫಿಕ್ಸ್ ಪಕ್ಕದ 45 ನ್ಯಾನೋಮೀಟರ್ ಚಿಪ್‌ನಲ್ಲಿ. ಅಂದರೆ ನಾರ್ತ್‌ಬ್ರಿಡ್ಜ್ ಬೋರ್ಡ್‌ನಿಂದ ಎದ್ದು ಮುಚ್ಚಳದೊಳಗೆ ಬಂದು ಕೂತಿತು, ಕೋರ್‌ಗಳ ಜೊತೆ ಬೆರೆಯಲಿಲ್ಲ. ವಿಳಂಬ 70 ನ್ಯಾನೋಸೆಕೆಂಡ್ ಮೀರಿತು.

ಇದಕ್ಕಿಂತ ನಾಲ್ಕು ತಿಂಗಳು ಮೊದಲು, 2009ರ ಸೆಪ್ಟೆಂಬರ್‌ನಲ್ಲಿ ಬಂದ ಐ5-750 ಅನ್ನು ಅದೇ ಬೋರ್ಡ್‌ಗೆ, ಅದೇ ರ್‍ಯಾಮ್ ಜೊತೆ ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಅದರಲ್ಲಿ ಕಂಟ್ರೋಲರ್ ಕೋರ್‌ಗಳ ಚಿಪ್‌ನಲ್ಲೇ ಇದೆ. ವಿಳಂಬ 55ರ ಹತ್ತಿರಕ್ಕೆ ಇಳಿಯಿತು, ಓದುವ ವೇಗವೂ ಚೆನ್ನಾಗಿ ಏರಿತು. ಹಳೆಯದು ಹೊಸದನ್ನು ಮೀರಿಸಿತು! ಒಂದೇ ತೊಡಕು, 750ರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬೇರೆ ಹಾಕಬೇಕು.

ಕೊನೆಗೆ ಎಚ್61 ಬೋರ್ಡ್ ಮೇಲೆ ಐ5-2400. ಇಂಟೆಲ್‌ನ 2011ರ ಪೀಳಿಗೆ, ಹೆಸರು ಸ್ಯಾಂಡಿ ಬ್ರಿಡ್ಜ್. ಕೋರ್, ಕ್ಯಾಶ್, ಗ್ರಾಫಿಕ್ಸ್, ಕಂಟ್ರೋಲರ್ ಎಲ್ಲ ಒಂದೇ ಚಿಪ್‌ನಲ್ಲಿ, ಒಂದು ರಿಂಗ್ ಬಸ್ ಅವನ್ನೆಲ್ಲ ಜೋಡಿಸುತ್ತದೆ. ಲೆಕ್ಕದ ಮಿತಿ 21.3 ಜಿಬಿ, ನನಗೆ 17 ದಾಟಿ ಸಿಕ್ಕಿತು. ವಿಳಂಬ 50ರ ಆಸುಪಾಸು. ನೆನಪಿಡಿ, ರ್‍ಯಾಮ್ ಅದೇ. ಕೋರ್ 2ರಲ್ಲಿ ಏಳೂವರೆ ಕೊಟ್ಟ ಅದೇ ಎರಡು ಸ್ಟಿಕ್. ಬ್ರೌಸರ್‌ನಲ್ಲಿ ಹತ್ತಾರು ಟ್ಯಾಬ್ ತೆರೆದು, ಪಕ್ಕದಲ್ಲಿ ಲಗ್ನಪತ್ರಿಕೆಯ ಡಿಟಿಪಿ ಫೈಲ್ ಇಟ್ಟು ಅಲ್ಲಿಂದಿಲ್ಲಿಗೆ ಹಾರಿದರೆ ಕೈಗೇ ಗೊತ್ತಾಗುತ್ತದೆ. ಮುಂದಿನ ವರ್ಷದ ಐವಿ ಬ್ರಿಡ್ಜ್ 1600 ರ್‍ಯಾಮ್ ಹಿಡಿದು 25.6ಕ್ಕೆ ಏರಿತು, ಒಳ್ಳೆಯದೇ. ಆದರೆ ದೊಡ್ಡ ಜಿಗಿತ 2011ರದ್ದೇ.

ಒಂದು ಸ್ಟಿಕ್ ತೆಗೆದೂ ನೋಡಿದೆ. ನಮ್ಮ ಕಡೆ ಇದು ತೀರಾ ಮುಖ್ಯ. ಸಕಲೇಶಪುರ, ಮೂಡಿಗೆರೆ ಕಡೆಯ ಎಸ್ಟೇಟ್ ಆಫೀಸುಗಳಿಂದ ಬರುವ ಮೆಷಿನ್‌ಗಳಲ್ಲಿ ಮಳೆಗಾಲದ ತೇವಕ್ಕೆ ರ್‍ಯಾಮ್‌ನ ಚಿನ್ನದ ಬಣ್ಣದ ಅಂಚು ಮಂಕಾಗಿ, ಒಂದು ಸ್ಟಿಕ್ ಸದ್ದಿಲ್ಲದೆ ಮಾಯವಾಗಿರುತ್ತದೆ. ಮೆಷಿನ್ ಆನ್ ಆಗುತ್ತದೆ, ಹಾಗಾಗಿ ಯಾರೂ ಗಮನಿಸುವುದಿಲ್ಲ. ಕೋರ್ 2ರಲ್ಲಿ ಬಸ್ಸೇ ಚಿಕ್ಕದು, ಒಂದು ಚಾನೆಲ್ ಹೋದರೆ ವೇಗದಲ್ಲಿ ಅಷ್ಟೇನೂ ಬದಲಾಗಲಿಲ್ಲ. ಐ5-2400ರಲ್ಲಿ ಮಿತಿ ನೇರ ಅರ್ಧಕ್ಕೆ ಇಳಿಯುತ್ತದೆ, ಒಳಗಿನ ಗ್ರಾಫಿಕ್ಸ್ ಕೂಡ ಅದೇ ರ್‍ಯಾಮ್ ಬಳಸುವುದರಿಂದ ಗೇಮ್‌ಗಳು ಸೊರಗುತ್ತವೆ. ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಆ ಅಂಚನ್ನು ಮೆಲ್ಲಗೆ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿದರೆ ಹೆಚ್ಚಿನವು ಸರಿಹೋಗುತ್ತವೆ.

ಹದಿನೈದು ವರ್ಷದ ಹಿಂದಿನ ಮೆಷಿನ್ ಕೊಳ್ಳುವವರಿಗೆ ನಾನು ಹೇಳುವುದು ಎಚ್61 ಮತ್ತು ಐ5-2400. ಅದು ಸಿಗದಿದ್ದರೆ ಐ5-750, ಆಮೇಲೆ ಫೆನಮ್. ಐ5-650ಕ್ಕೆ ಹೆಸರಿನ ಆಸೆಗೆ ಜಾಸ್ತಿ ದುಡ್ಡು ಕೊಡಬೇಡಿ. ರ್‍ಯಾಮ್ ಹೆಚ್ಚಿಸುವಾಗಲೂ ಕಂಟ್ರೋಲರ್ ಮಾತು ಕೇಳಲೇಬೇಕು. 8 ಜಿಬಿಯ ಒಂಟಿ ಸ್ಟಿಕ್ ಎಚ್61ರಲ್ಲಿ ನಡೆಯುತ್ತದೆ, ಎರಡು ಹಾಕಿದರೆ 16 ಜಿಬಿ. ಐ5-650, 750ರ ಕಂಟ್ರೋಲರ್ ಆ ಸ್ಟಿಕ್‌ನಲ್ಲಿರುವಷ್ಟು ಮೆಮೊರಿ ಹಿಡಿಯುವ ಚಿಪ್‌ಗಳಿಗಾಗಿ ಮಾಡಿದ್ದಲ್ಲ, ಅಲ್ಲಿ 4 ಜಿಬಿ ಸ್ಟಿಕ್‌ಗೇ ನಿಲ್ಲಿ. ಜಿ41ಕ್ಕೆ 4 ಜಿಬಿ ಸ್ಟಿಕ್ ತರುವುದಾದರೆ ಎರಡೂ ಬದಿ ಸೇರಿ 16 ಚಿಪ್ ಇವೆಯೇ ಅಂತ ಅಂಗಡಿಯಲ್ಲೇ ಎಣಿಸಿ. ಎಂಟೇ ಇದ್ದರೆ ಒಂದೊಂದು ಚಿಪ್‌ನ ಮೆಮೊರಿ ಜಿ41ಕ್ಕೆ ಜಾಸ್ತಿಯಾಯಿತು, ವಾಪಸ್ ಕೊಟ್ಟು ಬೇರೆ ಕೇಳಿ.