ಬ್ಯಾಂಡ್‌ಕ್ಯಾಂಪ್: ಆಲ್ಬಮ್ ಕೊಳ್ಳಲು ಸೈ, ಶೋ ಹುಡುಕಲು ಅಷ್ಟಕ್ಕಷ್ಟೇ

ಸ್ವತಂತ್ರ ಬ್ಯಾಂಡುಗಳ ಹೊಸ ಆಲ್ಬಮ್ಮನ್ನು ಬಿಡುಗಡೆಗೆ ಮೊದಲೇ ಕೊಂಡಿಡಲು ಬ್ಯಾಂಡ್‌ಕ್ಯಾಂಪ್‌ನಷ್ಟು ಸಲೀಸಾದ ವೆಬ್‌ಸೈಟ್ ಇನ್ನೊಂದಿಲ್ಲ. ಎಡವುವುದು ಭಾರತದಿಂದ ದುಡ್ಡು ಕಟ್ಟುವಾಗ. ಅದರಲ್ಲೂ ನಮ್ಮೂರ ಬ್ಯಾಂಡಿಗೇ ಕಟ್ಟಹೊರಟಾಗ.

ಪ್ರೀ-ಆರ್ಡರ್ ಒತ್ತಿದ ಕೂಡಲೇ ಹಣ ಕಡಿತವಾಗುತ್ತದೆ, ಬಿಡುಗಡೆಯ ದಿನದವರೆಗೆ ಕಾಯುವುದಿಲ್ಲ. ಬ್ಯಾಂಡಿನವರು ಮುಂಚೆಯೇ ತೆರೆದಿಟ್ಟ ಒಂದೆರಡು ಹಾಡು ಆಗಲೇ ಸಿಗುತ್ತವೆ, ಉಳಿದವು ಬಿಡುಗಡೆಯಾದ ದಿನ. ಆವತ್ತು ಬರುವ ಮೇಲ್ ಸ್ಪ್ಯಾಮಿಗೆ ಬಿದ್ದರೂ ಗಾಬರಿ ಬೇಡ, ಅಕೌಂಟಿನ ಕಲೆಕ್ಷನ್‌ನಲ್ಲಿ ಆಲ್ಬಮ್ ಇದ್ದೇ ಇರುತ್ತದೆ.

ಡೌನ್‌ಲೋಡಿಗೆ ಫ್ಲಾಕ್ (ಸದ್ದಿನಲ್ಲಿ ಏನನ್ನೂ ಕಳೆಯದೆ ಕುಗ್ಗಿಸಿದ ಫೈಲ್) ಆರಿಸಿ. ಅದರಿಂದ ಎಂಪಿ3 ಯಾವಾಗ ಬೇಕಾದರೂ ಮಾಡಿಕೊಳ್ಳಬಹುದು, ಎಂಪಿ3ಯಿಂದ ಕಳೆದುಹೋದದ್ದು ಮಾತ್ರ ವಾಪಸ್ ಬರುವುದಿಲ್ಲ. 40 ನಿಮಿಷದ ಆಲ್ಬಮ್ ಸಿಡಿ ಗುಣಮಟ್ಟದ, ಕುಗ್ಗಿಸದ ವೇವ್‌ನಲ್ಲಿ ಸುಮಾರು 420 ಎಂಬಿ, 320 ಕೆಬಿಪಿಎಸ್ ಎಂಪಿ3ಯಲ್ಲಿ 96 ಎಂಬಿ. ಫ್ಲಾಕ್ ಇವೆರಡರ ನಡುವೆ. ಬ್ರೌಸರಿನಲ್ಲಿ ಪುಕ್ಕಟೆ ಕೇಳಿಸುವುದು 128 ಕೆಬಿಪಿಎಸ್ ಅಷ್ಟೇ. ಅದನ್ನು ಕೇಳಿ ಮಾಸ್ಟರಿಂಗ್ (ಹಾಡಿನ ಸದ್ದನ್ನು ಕೊನೆಗೆ ಹದಗೊಳಿಸುವ ಕೆಲಸ) ಕೆಟ್ಟಿದೆ ಎಂದು ತೀರ್ಪು ಕೊಡಬೇಡಿ, ಡ್ರಮ್ ಸೆಟ್ಟಿನ ಲೋಹದ ತಟ್ಟೆಗಳಾದ ಸಿಂಬಲ್‌ಗಳ ಸದ್ದು ಮೊದಲು ಹಾಳಾಗುವುದೇ ಅಲ್ಲಿ.

ಇನ್ನು ದುಡ್ಡಿನ ಮಾತು. ಡಿಜಿಟಲ್ ಮಾರಾಟದಲ್ಲಿ ಕಂಪನಿಯ ಪಾಲು ಶೇ. 15, ಎಲ್‌ಪಿ-ಟೀಶರ್ಟುಗಳಲ್ಲಿ ಶೇ. 10; ಪೇಮೆಂಟ್ ಶುಲ್ಕ ಬೇರೆ. 7 ಡಾಲರ್ ಆಲ್ಬಮ್ಮಿನಲ್ಲಿ 1.05 ಡಾಲರ್ ಕಂಪನಿಗೆ ಹೋಯಿತು ಎಂದಿಟ್ಟುಕೊಳ್ಳಿ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಫ್ರೈಡೇಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತಾರೆ. ಅದು ಅಮೆರಿಕದ ಪೆಸಿಫಿಕ್ ಸಮಯದ ಶುಕ್ರವಾರ. ಹಾಗಾಗಿ ನಮಗೆ ಶುಕ್ರವಾರ ಮಧ್ಯಾಹ್ನ 12.30ಕ್ಕೆ (ಅಲ್ಲಿ ಚಳಿಗಾಲದ ಸಮಯವಿದ್ದರೆ 1.30ಕ್ಕೆ) ಶುರುವಾಗಿ ಶನಿವಾರ ಅದೇ ಹೊತ್ತಿಗೆ ಮುಗಿಯುತ್ತದೆ. ಬೆಳಗ್ಗೆ ಎದ್ದು ಕೊಂಡುಬಿಟ್ಟರೆ ಬ್ಯಾಂಡಿಗೆ ಆ ಲಾಭವಿಲ್ಲ. ಎಲ್ಲ ತಿಂಗಳೂ ಇರುವುದಿಲ್ಲ, ದಿನಾಂಕ ನೋಡಿಕೊಳ್ಳಿ.

ಯುಪಿಐ ನಡೆಯುವುದಿಲ್ಲ. ಕಾರ್ಡ್ ಮೊದಲ ಯತ್ನದಲ್ಲೇ ತಿರಸ್ಕೃತವಾದರೆ ಬ್ಯಾಂಕ್ ಆ್ಯಪಿನಲ್ಲಿ ಇಂಟರ್‌ನ್ಯಾಷನಲ್ ಸ್ವಿಚ್ ನೋಡಿ. ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ. ವಿದೇಶಿ ಕರೆನ್ಸಿಯ ಮಾರ್ಕಪ್ (ಬ್ಯಾಂಕ್ ಸೇರಿಸುವ ಹೆಚ್ಚುವರಿ ಶುಲ್ಕ) ಬಹುತೇಕ ಕಾರ್ಡುಗಳಲ್ಲಿ ಶೇ. 2ರಿಂದ 3.5, ಅದರ ಮೇಲೆ ಶೇ. 18 ಜಿಎಸ್‌ಟಿ.

ನಿಜವಾದ ತೊಡಕು ಬ್ಯಾಂಡಿಗೆ ಹಣ ದಾಟಿಸುವ ಪಾವತಿ ಸೇವೆ ಪೇಪಾಲ್. 2021ರ ಏಪ್ರಿಲ್ 1ರಿಂದ ಅದು ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದೆ. ಕೊಳ್ಳುವವರದೂ ಬ್ಯಾಂಡಿನವರದೂ ಇಲ್ಲಿನ ಖಾತೆಯಾದರೆ ಆ ದಾರಿಯಲ್ಲಿ ಹಣ ದಾಟುವುದೇ ಇಲ್ಲ. ಬರ್ಲಿನ್‌ನ ಬ್ಯಾಂಡಿಗೆ ಎರಡು ನಿಮಿಷದಲ್ಲಿ ದುಡ್ಡು ಹೋಗುತ್ತದೆ, ಬಸವನಗುಡಿಯ ಬ್ಯಾಂಡಿಗೆ ಹೋಗುವುದಿಲ್ಲ! ತಪ್ಪು ಯಾರದೇ ಇರಲಿ, ಅಂಕ ಕಳೆಯಲೇಬೇಕು.

ವಿನೈಲ್ (ಎಲ್‌ಪಿ ತಟ್ಟೆ) ಹೊರದೇಶದಿಂದ ತರಿಸುವ ಮುನ್ನ ಚೆಕ್‌ಔಟ್‌ವರೆಗೆ ಹೋಗಿ ಸಾಗಣೆ ವೆಚ್ಚ ನೋಡಿ. ಅದು ತಟ್ಟೆಯ ಬೆಲೆಯನ್ನೇ ಮುಟ್ಟಬಹುದು, ಕಸ್ಟಮ್ಸ್ ಬೇರೆ. ಆರ್ಡರ್ ಜೊತೆ ಇರುವ ಟಿಪ್ಪಣಿ ಜಾಗದಲ್ಲಿ ‘ಡಿಸ್ಕನ್ನು ಜಾಕೆಟ್ಟಿನಿಂದ (ರಟ್ಟಿನ ಕವರಿನಿಂದ) ಹೊರಗಿಟ್ಟು ಪ್ಯಾಕ್ ಮಾಡಿ’ ಎಂದು ಬರೆಯಿರಿ. ಒಳಗೇ ಇದ್ದರೆ ದಾರಿಯುದ್ದಕ್ಕೂ ಕುಲುಕಿ ಜಾಕೆಟ್ಟಿನ ಅಂಚನ್ನು ಸೀಳುತ್ತದೆ. ತಟ್ಟೆಯ ಪ್ರೆಸ್ಸಿಂಗ್ (ಅಚ್ಚೊತ್ತುವುದು) ತಡವಾಗುವುದು ಮಾಮೂಲಿ, ಡಿಜಿಟಲ್ ಪ್ರತಿ ಮಾತ್ರ ಹೇಳಿದ ದಿನಕ್ಕೇ ಬರುತ್ತದೆ.

ಶೋಗಳ ವಿಷಯಕ್ಕೆ ಬಂದರೆ ಕಥೆ ಬೇರೆ. ಬ್ಯಾಂಡಿನ ಪುಟದಲ್ಲಿ ಪ್ರವಾಸದ ಪಟ್ಟಿ ಕಾಣಬೇಕಾದರೆ ಅವರೇ ಅದನ್ನು ಹೊಂದಿಸಿರಬೇಕು, ಬಹಳ ಜನ ಹೊಂದಿಸಿರುವುದಿಲ್ಲ. ಖಾಲಿ ಇದ್ದ ಮಾತ್ರಕ್ಕೆ ಟೂರ್ ಇಲ್ಲವೆಂದಲ್ಲ. ವಿದೇಶಿ ಬ್ಯಾಂಡುಗಳಿಗೆ ಶೋಗಳ ಪಟ್ಟಿ ಕೊಡುವ ಸಾಂಗ್‌ಕಿಕ್ ಅಥವಾ ಬ್ಯಾಂಡ್ಸ್‌ಇನ್‌ಟೌನ್‌ನಲ್ಲಿ ಬೆಂಗಳೂರನ್ನು ಊರಾಗಿ ಕೊಟ್ಟು ಅಲರ್ಟ್ ಇಡಿ. ಇಲ್ಲಿನ ಟಿಕೆಟಿಗೆ ಬುಕ್‌ಮೈಶೋ, ಡಿಸ್ಟ್ರಿಕ್ಟ್, ಸ್ಕಿಲ್‌ಬಾಕ್ಸ್ ಮೂರನ್ನೂ ನೋಡಬೇಕು. ಸಣ್ಣ ಶೋಗಳು ಒಂದರಲ್ಲಿದ್ದರೆ ಇನ್ನೊಂದರಲ್ಲಿ ಇರುವುದಿಲ್ಲ. ನಮ್ಮೂರ ಬ್ಯಾಂಡಿನ ಆಲ್ಬಮ್ಮಿಗೆ ದುಡ್ಡು ಕೊಡಬೇಕೆಂದಿದ್ದರೆ ಶೋ ಮುಗಿದ ಮೇಲೆ ಟೀಶರ್ಟ್ ಇಟ್ಟ ಮೇಜಿನ ಹತ್ತಿರ ಹೋಗಿ ಕೇಳಿ. ಕ್ಯೂಆರ್ ಕೋಡ್ ಅಲ್ಲೇ ಅಂಟಿಸಿರುತ್ತಾರೆ.